ಫಿಕ್ಸ್, ಫ್ಲೋಟ್: ಗಿಡದ ಕೆಳಗೆ ರೋವರ್ ತೋರಿಸುವ ಅಳತೆ

ಹೊಲದ ಹದ್ದುಬಸ್ತು ನಡೆಯುವಾಗ ಸರ್ವೇಯರ್ ಹಿಡಿದ, ಉಪಗ್ರಹಗಳ ಸಂಕೇತದಿಂದ ಜಾಗ ಅಳೆಯುವ ರೋವರ್‌ನ ಪರದೆಯಲ್ಲಿ ‘ಫಿಕ್ಸ್’ ಅಥವಾ ‘ಫ್ಲೋಟ್’ ಎಂಬ ಪದ ಕಾಣುತ್ತದೆ. ಬಾಂದು ಕಲ್ಲು ಎಲ್ಲಿ ಕೂರಬೇಕೆಂಬುದು ಇದರ ಮೇಲಿರುವುದರಿಂದ ಹೊಲದವರಿಗೂ ಇದು ತಿಳಿದಿರಬೇಕು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವು ಕಳಿಸುವ ಎಲ್1 ರೇಡಿಯೋ ಅಲೆಯ ಉದ್ದ ಸುಮಾರು 19 ಸೆಂ.ಮೀ. ಉಪಗ್ರಹಕ್ಕೂ ಆಂಟೆನಾಕ್ಕೂ ನಡುವೆ ಇಂಥ ಪೂರ್ತಿ ಅಲೆಗಳೆಷ್ಟು, ಕೊನೆಯ ತುಂಡೆಷ್ಟು ಎಂದು ಗೊತ್ತಾದರೆ ದೂರ ಸಿಕ್ಕಂತೆ. ತುಂಡನ್ನು ರೋವರ್ ಮಿಲಿಮೀಟರ್ ಮಟ್ಟದಲ್ಲಿ ಅಳೆಯಬಲ್ಲದು. ಪೂರ್ತಿ ಅಲೆಗಳ ಸಂಖ್ಯೆಯನ್ನು ಮಾತ್ರ ಬೇಸ್ (ಗೊತ್ತಿರುವ ಜಾಗದಲ್ಲಿ ಇಟ್ಟ ಇನ್ನೊಂದು ರಿಸೀವರ್) ಅಥವಾ ಕಾರ್ಸ್ ಕೇಂದ್ರದ (ಕಾಯಂ ಆಗಿ ನೆಟ್ಟ ಅಂಥದೇ ರಿಸೀವರ್) ಮಾಹಿತಿ ಜೋಡಿಸಿ ಲೆಕ್ಕದಿಂದಲೇ ಹಿಡಿಯಬೇಕು. ಆ ಸಂಖ್ಯೆ ಪೂರ್ಣಾಂಕವಾಗಿ ನಿಂತರೆ ಫಿಕ್ಸ್, ನಿಲ್ಲದಿದ್ದರೆ ಫ್ಲೋಟ್. ಬಯಲಿನಲ್ಲಿ ಫಿಕ್ಸ್ ಆದ ಅಳತೆ ಒಂದೆರಡು ಸೆಂ.ಮೀ. ಒಳಗಿರುತ್ತದೆ, ಫ್ಲೋಟ್‌ನಲ್ಲಿ ಅಡಿ, ಕೆಲವೊಮ್ಮೆ ಮೀಟರ್ ಕೂಡ ತಪ್ಪಬಹುದು.

ಇಂಡಿ, ಸಿಂದಗಿಯ ಬಯಲು ಎರಿಹೊಲದಲ್ಲಿ ಫಿಕ್ಸ್ ಬೇಗ ಸಿಗುತ್ತದೆ. ಖಾನಾಪುರದ ದಟ್ಟ ಗಿಡಗಳ ಕೆಳಗೆ ಹಾಗಲ್ಲ. ಎಲೆ ಅಲೆಯ ಬಲ ಕುಗ್ಗಿಸುತ್ತದೆ, ಮಳೆಯಲ್ಲಿ ತೊಯ್ದ ಎಲೆ ಇನ್ನೂ ಹೆಚ್ಚು. ಟೊಂಗೆ ಅಡ್ಡಬಂದು ಸಂಕೇತ ಕಡಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಬೇಕು. ಬೊಡ್ಡೆಗೋ ಗೋಡೆಗೋ ಬಡಿದು ಸುತ್ತಿಬಂದ ಅಲೆ ದೂರವನ್ನು ಇದ್ದದ್ದಕ್ಕಿಂತ ಬೇರೆಯಾಗಿ ತೋರಿಸುತ್ತದೆ, ಇದೇ ‘ಮಲ್ಟಿಪಾತ್’. ಆಕಾಶದ ಒಂದು ಮಗ್ಗುಲು ಪೂರ್ತಿ ಮುಚ್ಚಿದ್ದರೆ ಉಪಗ್ರಹಗಳೆಲ್ಲ ಇನ್ನೊಂದೇ ಮಗ್ಗುಲಿಗೆ ಉಳಿದು ಲೆಕ್ಕ ಸಡಿಲಾಗುತ್ತದೆ.

ನನ್ನ ದೃಷ್ಟಿಯಲ್ಲಿ ಫ್ಲೋಟ್‌ಗಿಂತ ಅಪಾಯದ್ದು ಸುಳ್ಳು ಫಿಕ್ಸ್. ಫ್ಲೋಟ್ ಎಂದು ಕಂಡರೆ ಸರ್ವೇಯರ್ ಕಾಯುತ್ತಾರೆ. ಸುಳ್ಳು ಫಿಕ್ಸ್‌ನಲ್ಲಿ ಪೂರ್ಣಾಂಕವೇ ತಪ್ಪಾಗಿ ನಿಂತಿರುತ್ತದೆ, ಪರದೆ ಮಾತ್ರ ಎರಡು ಸೆಂ.ಮೀ. ಎಂದೇ ತೋರಿಸುತ್ತಿರುತ್ತದೆ. 660 ಅಡಿ ಉದ್ದದ ಬದು ಪೂರ್ತಿಯಾಗಿ ಒಂದಡಿ ಸರಿದರೆ 660 ಚದರಡಿ ಆಚೆ ಹೋಯಿತು. ಗುಂಟೆಗೆ 1,089 ಚದರಡಿ. ಅರ್ಧ ಗುಂಟೆಗೂ ಮಿಕ್ಕಿದ ಭೂಮಿ ಅದು. ಅಣ್ಣತಮ್ಮಂದಿರು ಕೋರ್ಟು ಹತ್ತಲು ಅಷ್ಟು ಸಾಕು.

ಹಾಗಾಗಿ ಗಿಡದ ಬುಡದ ಕಲ್ಲಿಗೆ ಒಂದೇ ಸಲದ ಅಳತೆಯನ್ನು ಒಪ್ಪಬಾರದು. ಸಿಕ್ಕ ಫಿಕ್ಸ್ ಕೈಬಿಟ್ಟು ಹೊಸದಾಗಿ ಹಿಡಿಯಬೇಕು. ತಾಸಿನ ಮೇಲೆ, ಉಪಗ್ರಹಗಳ ಜಾಗ ಬದಲಾದಾಗ, ಮತ್ತೊಮ್ಮೆ ಅಳೆದು ಎರಡನ್ನೂ ತಾಳೆ ನೋಡಬೇಕು. ಇನ್ನೂ ಭರವಸೆಯ ದಾರಿಯೆಂದರೆ ಹತ್ತಿರದ ಬಯಲಿನಲ್ಲಿ ರೋವರ್‌ನಿಂದ ಎರಡು ಬಿಂದು ಗುರುತಿಸಿ, ಅಲ್ಲಿಂದ ಟೋಟಲ್ ಸ್ಟೇಷನ್ (ಬೆಳಕಿನ ಕಿರಣದಿಂದ ದೂರ, ಕೋನ ಅಳೆಯುವ ಉಪಕರಣ) ಇಟ್ಟು ಕಲ್ಲನ್ನು ಅಳೆಯುವುದು. ಅದಕ್ಕೆ ಆಕಾಶ ಬೇಡ, ಕಲ್ಲಿನವರೆಗೆ ನೇರ ನೋಟ ಇದ್ದರಾಯಿತು. ಮುಧೋಳ, ಜಮಖಂಡಿ ಕಡೆ ಆಳೆತ್ತರ ದಾಟಿದ ಕಬ್ಬು ಆ ನೋಟವನ್ನೂ ಮುಚ್ಚುತ್ತದೆ. ಅಲ್ಲಿ ಕಟಾವು ಮುಗಿದ ಮೇಲೆ ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು.