ಗಾಳಿ ಹಾಸಿಗೆ ಇದ್ದರೂ ಮುತ್ಯಾನ ಟೊಂಕ ಕೆಂಪಾಗಿದೆ, ಎಣ್ಣೆ ಹಚ್ಚಿ ತಿಕ್ಕಬೇಕೇ?

ಪ್ರಶ್ನೆ: ನಮ್ಮ ಮುತ್ಯಾಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ. ನೋಡಿಕೊಳ್ಳಲು ನರ್ಸಿಂಗ್ ಸಹಾಯಕನೊಬ್ಬ ಇದ್ದಾನೆ, ಗಾಳಿ ಹಾಸಿಗೆಯನ್ನೂ ತಂದಿದ್ದೇವೆ. ಆದರೂ ಟೊಂಕದ ಕೆಳಗೆ ಕೆಂಪಾಗಿದೆ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕು ಅಂದರೆ ಅವನು ಒಪ್ಪುತ್ತಿಲ್ಲ. ಯಾರ ಮಾತು ಸರಿ?
– ಓದುಗರು, ಆಳಂದ

ಸಹಾಯಕನ ಮಾತೇ ಸರಿ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕು, ರಕ್ತ ಓಡದೆ ಆ ಚರ್ಮ ಆಗಲೇ ಸೋತಿದೆ. ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳು ಹರಿದು ಹುಣ್ಣು ಬೇಗ ಬಾಯಿ ಬಿಡುತ್ತದೆ.

ಮೊದಲು ಆ ಜಾಗವನ್ನು ಬೆರಳಿನಿಂದ 3 ಸೆಕೆಂಡು ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡುತ್ತಿದೆ. ಭಾರ ತಪ್ಪಿಸಿದರೆ ಚೇತರಿಸಿಕೊಳ್ಳುತ್ತದೆ. ಬಣ್ಣ ಬದಲಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ನೋಡಬೇಕು.

ಗಾಳಿ ಹಾಸಿಗೆ ಇದೆಯೆಂದು ಮಗ್ಗಲು ಬದಲಿಸುವುದನ್ನು ಬಿಡುವಂತಿಲ್ಲ. ಅದರ ಮೇಲೆ ಕೌದಿ ಹಾಸಿದ್ದರೆ ಇವತ್ತೇ ತೆಗೆಯಿರಿ. ಹಾಸಿಗೆಯ ಗಾಳಿ ಕೋಶಗಳು ಸರದಿಯಂತೆ ಉಬ್ಬಿ ಇಳಿಯುವುದರ ಲಾಭ ಮೈಗೆ ತಾಗುವುದಿಲ್ಲ, ಹೊಲಿಗೆ ಬೇರೆ ಒತ್ತುತ್ತದೆ. ಒಂದು ತೆಳು ಹತ್ತಿ ಚಾದರ ಸಾಕು. ಹೊರಸಿನ ಮೇಲೆ ಹಾಸಿದ್ದರೆ ನಡು ಜೋತು ಭಾರವೆಲ್ಲ ಟೊಂಕಕ್ಕೇ ಬೀಳುತ್ತದೆ. ಸಮತಟ್ಟಾದ ಮಂಚಕ್ಕೆ ಬದಲಿಸಿ. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

2 ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು, ರಾತ್ರಿಯೂ. ಪೂರ್ತಿ ಒಂದು ಮಗ್ಗಲಿಗೆ ಉರುಳಿಸಿದರೆ ತೊಡೆಸಂದಿನ ಹೊರಮೂಳೆಯ ಮೇಲೆ ಹುಣ್ಣಾಗುತ್ತದೆ. ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸಿ, ಮೊಣಕಾಲುಗಳ ನಡುವೆ ಒಂದು ದಿಂಬಿಡಿ. ಮೀನಖಂಡದ ಕೆಳಗೆ ಇನ್ನೊಂದು ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಟೊಂಕದ ಕೆಂಪು ಇಳಿಯುವವರೆಗೆ ಅಂಗಾತ ಮಲಗಿಸಬೇಡಿ. ಕೆಲವರು ನಡುವೆ ತೂತಿರುವ ರಬ್ಬರ್ ಟ್ಯೂಬ್ ಕೊಡಿಸುತ್ತಾರೆ. ಅದು ಸುತ್ತಲಿನ ರಕ್ತವನ್ನೇ ತಡೆಯುತ್ತದೆ, ಬೇಡ.

ಮನೆಗಳಲ್ಲಿ ಹೆಚ್ಚು ಹಾನಿ ಆಗುವುದು ಎಳೆದಾಟದಿಂದ. ಊಟಕ್ಕೆ ತಲೆ ಎತ್ತಿ ಕೂರಿಸಿದ ಮುದುಕರು ಮೆಲ್ಲಗೆ ಕೆಳಗೆ ಜಾರುತ್ತಾರೆ. ಚರ್ಮ ಚಾದರಕ್ಕೆ ಅಂಟಿಕೊಂಡಿರುತ್ತದೆ, ಮೂಳೆ ಮಾತ್ರ ಸರಿಯುತ್ತದೆ. ಆಮೇಲೆ ಸಹಾಯಕ ಒಬ್ಬನೇ ಕಂಕುಳಿಗೆ ಕೈಹಾಕಿ ಮೇಲೆ ಎಳೆದರೆ ಅದೇ ಜಾಗ ಇನ್ನೊಮ್ಮೆ ಉಜ್ಜುತ್ತದೆ, ಲಕ್ವಾ ಹೊಡೆದ ಭುಜವೂ ಕೀಲು ಸಡಿಲವಾಗಿ ನೋಯುತ್ತದೆ. ಹಳೆಯ ಧೋತರವನ್ನು ಮಡಚಿ ಹೆಗಲಿನಿಂದ ತೊಡೆಯವರೆಗೆ ಬರುವಂತೆ ಕೆಳಗೆ ಹಾಸಿ. ಇಬ್ಬರು ಎರಡೂ ಬದಿಯ ಅಂಚನ್ನು ಸುರುಳಿ ಸುತ್ತಿ ಹಿಡಿದು, ಒಟ್ಟಿಗೆ ಎತ್ತಿ ಸರಿಸಬೇಕು. ಆ ಎರಡನೆಯ ಜೋಡಿ ಕೈ ನಿಮ್ಮದು. ಒಬ್ಬನಿಂದ ಆಗದ ಕೆಲಸ ಒಪ್ಪಿಸಿ, ಹುಣ್ಣಾದಾಗ ಅವನನ್ನು ಬೈಯುವುದು ನ್ಯಾಯವಲ್ಲ. ಊಟವಾಗಿ ಅರ್ಧ ಗಂಟೆಯ ನಂತರ ತಲೆಯ ಕಡೆಯನ್ನು 30 ಡಿಗ್ರಿಗೆ ಇಳಿಸಿ.

ನಮ್ಮ ಕಡೆಯ ಬ್ಯಾಸಿಗೆಯಲ್ಲಿ ಬೆವರೂ ಶತ್ರುವೇ. ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ ಹಚ್ಚಿ. ಪೌಡರ್ ಬೆವರಿಗೆ ಗಂಟುಕಟ್ಟಿ ಉಜ್ಜುತ್ತದೆ.

50 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಬರೀ ಜ್ವಾಳದ ಗಂಜಿಯಿಂದ ಅಷ್ಟು ಬರುವುದಿಲ್ಲ. ಗಟ್ಟಿ ತೊಗರಿ ಬೇಳೆ, ಮೊಸರು, ತತ್ತಿ ಸೇರಿಸಿ. ಕಿಡ್ನಿ ತೊಂದರೆ ಇದ್ದರೆ ವೈದ್ಯರನ್ನು ಕೇಳಿ. ನುಂಗುವಾಗ ಕೆಮ್ಮು ಬಂದರೂ ಅಷ್ಟೇ.

ಗುಳ್ಳೆ ಎದ್ದರೆ, ಚರ್ಮ ಕಿತ್ತರೆ, ಕಪ್ಪಾದರೆ, ವಾಸನೆ ಅಥವಾ ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಕರೆದೊಯ್ಯಿರಿ; ಬೀದರಿನವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್ ಇದೆ. ದಾರಿಯಲ್ಲೂ ಟೊಂಕದ ಮೇಲೆ ಭಾರ ಬೀಳದಂತೆ ಮಗ್ಗಲಿಗೆ ಮಲಗಿಸಿ. ಹೊರಡುವ ಮೊದಲು ಹುಣ್ಣಿಗೆ ಅರಿಶಿನ, ಸ್ಪಿರಿಟ್ ಹಾಕಬೇಡಿ.