ಕೆಲಸದಲ್ಲಿದ್ದುಕೊಂಡು ಐಟಿಯಲ್ಲಿ ಮಾಸ್ಟರ್ಸ್ ಮಾಡಿದರೆ ಉಪಯೋಗ ಇದೆಯಾ?

ಪ್ರಶ್ನೆ: 6 ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಿಂತಲ್ಲೇ ನಿಂತ ಹಾಗೆ ಅನ್ನಿಸುತ್ತಿದೆ. ಈಗ ಮಾಸ್ಟರ್ಸ್ ಮಾಡಿದರೆ ಮೇಲೆ ಹೋಗಬಹುದಾ, ಇಲ್ಲ ಸುಮ್ನೆ ಎರಡು ವರ್ಷ ಹಾಳಾಗುತ್ತಾ?

ಮೇಲೆ ಅಂದರೆ ಎಲ್ಲಿಗೆ? ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಮೊದಲು ಇದನ್ನೇ ಕೇಳುತ್ತೇನೆ.

ಈಗಿರುವ ಟೀಮಿನಲ್ಲೇ ಮುಂದಿನ ಹುದ್ದೆ ಬೇಕು ಅಂತಿದ್ದರೆ ಮಾಸ್ಟರ್ಸ್‌ನಿಂದ ಅಷ್ಟೇನೂ ಸಹಾಯ ಆಗುವುದಿಲ್ಲ. ಅಲ್ಲಿ ನಿಮ್ಮನ್ನು ಬಲ್ಲವರಿದ್ದಾರೆ. ಯಾವ ಕೆಲಸ ತಲೆ ಮೇಲೆ ಹಾಕಿಕೊಂಡಿರಿ, ಸರ್ವರ್ ಬಿದ್ದ ರಾತ್ರಿ ಯಾರು ಎದ್ದು ಕೂತರು, ಹೊಸಬರಿಗೆ ಯಾರು ಹೇಳಿಕೊಟ್ಟರು, ಬಹುತೇಕ ಕಡೆ ಇದನ್ನೆಲ್ಲ ನೋಡಿಯೇ ಬಡ್ತಿ ಕೊಡುತ್ತಾರೆ. ಬೇರೆ ಥರದ ಕೆಲಸಕ್ಕೆ ದಾಟಬೇಕು ಅಂತಿದ್ದರೆ ಮಾತೇ ಬೇರೆ. ಟೆಸ್ಟಿಂಗ್‌ನಿಂದ ಮಷೀನ್ ಲರ್ನಿಂಗ್‌ಗೆ, ಸಪೋರ್ಟ್‌ನಿಂದ ಸೆಕ್ಯುರಿಟಿಗೆ, ಕೋಡಿಂಗ್‌ನಿಂದ ಸಂಶೋಧನೆಗೆ. ಆ ಕಡೆ ನಿಮ್ಮ ಪರಿಚಯ ಯಾರಿಗೂ ಇಲ್ಲ, ಹಳೆಯ ಅನುಭವಕ್ಕೂ ಪೂರ್ತಿ ಬೆಲೆ ಸಿಗುವುದಿಲ್ಲ, ಅಂಥ ಕಡೆ ಡಿಗ್ರಿ ನಿಮ್ಮ ಪರವಾಗಿ ಮಾತಾಡುತ್ತದೆ.

ಇದು ಹೊಸ ವಿಷಯವೂ ಅಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ 1953ರಲ್ಲಿ ಕಂಪ್ಯೂಟಿಂಗ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಶುರು ಮಾಡಿದಾಗ ಅಲ್ಲಿ ಆ ವಿಷಯದಲ್ಲಿ ಪದವಿ ಕೋರ್ಸೇ ಇರಲಿಲ್ಲ. ಬಂದವರೆಲ್ಲ ಬೇರೆ ಬೇರೆ ವಿಷಯ ಓದಿದವರೇ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮಗೆ ಬೇಕಾದ ಹುದ್ದೆಯ 20 ಜಾಹೀರಾತು ತೆಗೆದು ಓದಿ. ಮಾಸ್ಟರ್ಸ್ 'ಬೇಕೇ ಬೇಕು' ಅಂತ ಎಷ್ಟು ಕಡೆ ಇದೆ, 'ಇದ್ದರೆ ಒಳ್ಳೆಯದು' ಅಂತ ಎಷ್ಟು ಕಡೆ ಇದೆ, ಬರೆದಿಟ್ಟುಕೊಳ್ಳಿ. ಸಂಶೋಧನೆಯ ಹುದ್ದೆಗಳಲ್ಲಿ ಮೊದಲನೆಯದು ಜಾಸ್ತಿ ಸಿಗುತ್ತದೆ. ವೆಬ್, ಮೊಬೈಲ್ ಆ್ಯಪ್ ಕಟ್ಟುವ ಕೆಲಸಗಳಲ್ಲಿ ಅನುಭವವನ್ನೇ ಕೇಳುತ್ತಾರೆ.

ಬಡ್ತಿಯ ಲೆಕ್ಕಕ್ಕೆ ಸಿಗದ ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ಒಮ್ಮೆ ನಮ್ಮ ಎರಡು ಸರ್ವರ್‌ಗಳ ಲಾಗ್, ಅಂದರೆ ಯಾವ ಕ್ಷಣ ಏನಾಯಿತು ಅನ್ನುವ ದಾಖಲೆ, ನೋಡುತ್ತಿದ್ದೆ. ಒಂದರಲ್ಲಿ ರಿಕ್ವೆಸ್ಟ್ ಹೋಗಿದ್ದು 10:42:07.402ಕ್ಕೆ. ಇನ್ನೊಂದರಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದು 10:42:07.318ಕ್ಕೆ. ಕೇಳುವ ಮೊದಲೇ ಉತ್ತರ! ಎರಡು ರಾತ್ರಿ ಕೋಡ್‌ನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ, ಏಕೆಂದರೆ ತಪ್ಪು ಅಲ್ಲಿ ಇರಲೇ ಇಲ್ಲ. ಎರಡು ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿರಲಿಲ್ಲ, ಅಷ್ಟೇ. ಮುಂದೆ ಮಾಸ್ಟರ್ಸ್ ತರಗತಿಯಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಬರೆದ ಪ್ರಬಂಧ ಓದಿಸಿದರು. ಬೇರೆ ಬೇರೆ ಯಂತ್ರಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಗಡಿಯಾರ ನಂಬದೆ ಹೇಗೆ ತೀರ್ಮಾನಿಸಬಹುದು ಅನ್ನುವುದೇ ಅದರ ವಿಷಯ. ಪ್ರತಿ ಯಂತ್ರ ಒಂದು ಎಣಿಕೆ ಇಟ್ಟುಕೊಳ್ಳುತ್ತದೆ, ಸಂದೇಶದ ಜೊತೆ ಅದನ್ನೂ ಕಳಿಸುತ್ತದೆ, ಸಂದೇಶ ಪಡೆದ ಯಂತ್ರ ತನ್ನ ಎಣಿಕೆಯನ್ನು ಅದಕ್ಕಿಂತ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಓದುತ್ತಾ ಓದುತ್ತಾ ಆ ಎರಡು ರಾತ್ರಿಗಳು ಕಣ್ಣ ಮುಂದೆ ಬಂದವು. ಇಂಥದ್ದನ್ನು ಕೆಲಸದ ಜಾಗದಲ್ಲಿ ಕೂರಿಸಿ ಹೇಳಿಕೊಡುವವರು ಕಡಿಮೆ. ಅವರಿಗೂ ಪುರುಸೊತ್ತು ಇರುವುದಿಲ್ಲ ಅಲ್ವಾ.

ಸರ್ಟಿಫಿಕೇಟ್ ಸಾಲದಾ ಅಂತಲೂ ಕೇಳುತ್ತಾರೆ. ಒಂದು ಕಂಪನಿಯ ಕ್ಲೌಡ್ ಬಳಸಲಿಕ್ಕೆ ಬರುತ್ತದೆ ಅಂತ ತೋರಿಸಬೇಕಿದ್ದರೆ ಧಾರಾಳ ಸಾಕು. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಸರ್ಟಿಫಿಕೇಟ್ 3 ವರ್ಷಕ್ಕೆ ಮುಗಿಯುತ್ತದೆ, ನವೀಕರಿಸುತ್ತಾ ಇರಬೇಕು. ಡಿಗ್ರಿಗೆ ಆ ಕಾಟ ಇಲ್ಲ.

ಬಹಳ ಜನ ಎಡವುವುದು ಸಮಯದ ಲೆಕ್ಕದಲ್ಲಿ. ಯುರೋಪಿನ ಪದ್ಧತಿ ತೆಗೆದುಕೊಳ್ಳಿ, ಅಲ್ಲಿ ಇದು ಅಂಕಿಯಲ್ಲೇ ಸಿಗುತ್ತದೆ. ಎರಡು ವರ್ಷದ ಮಾಸ್ಟರ್ಸ್‌ಗೆ 120 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. ಕಡಿಮೆ ಹಿಡಿದರೂ 3000 ಗಂಟೆ. ಕೆಲಸ ಮಾಡಿಕೊಂಡೇ ವಾರಕ್ಕೆ 15 ಗಂಟೆ ಓದುತ್ತೀರಿ ಅಂದುಕೊಳ್ಳಿ, 200 ವಾರ ಬೇಕು, ಅಂದರೆ ಒಂದು ವಾರವೂ ಬಿಡದೆ ಹತ್ತಿರ ಹತ್ತಿರ 4 ವರ್ಷ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯ 2014ರಲ್ಲಿ ಶುರು ಮಾಡಿದ ಆನ್‌ಲೈನ್ ಮಾಸ್ಟರ್ಸ್‌ನಲ್ಲಿ ಇರುವುದು 10 ಕೋರ್ಸ್, ಮುಗಿಸಲು 6 ವರ್ಷದವರೆಗೆ ಅವಕಾಶ. ಕೆಲಸದಲ್ಲಿರುವವರಿಗೆ ಅಷ್ಟು ಸಮಯ ಬೇಕಾಗಬಹುದು ಅಂತ ಗೊತ್ತಿದ್ದೇ ಇಟ್ಟ ಹಾಗಿದೆ. ಹಾಗಾಗಿ ಮನೆಯವರ ಹತ್ತಿರ ಮೊದಲೇ ಕೂತು ಮಾತಾಡಿ, ಏಕೆಂದರೆ ಆ 15 ಗಂಟೆ ಅವರ ಪಾಲಿನಿಂದಲೂ ಹೋಗುತ್ತದೆ.

ಕೋರ್ಸ್ ಹುಡುಕುವಾಗ ಹೆಸರಿಗೆ ಮರುಳಾಗಬೇಡಿ, ಸಿಲೆಬಸ್ ತೆರೆಯಿರಿ. ಬೇರೆ ಪದವಿ ಓದಿದವರನ್ನು ಐಟಿಗೆ ತರಲೆಂದೇ ಕೆಲವು ಮಾಸ್ಟರ್ಸ್ ಇವೆ. ಅವು ಪ್ರೋಗ್ರಾಮಿಂಗ್, ಡೇಟಾಬೇಸ್‌ನ ಮೊದಲ ಪಾಠದಿಂದ ಶುರುವಾಗುತ್ತವೆ. ಹೊಸಬರಿಗೆ ತುಂಬಾ ಒಳ್ಳೆಯದು, 6 ವರ್ಷ ಕೋಡ್ ಬರೆದ ನಿಮಗೆ ಬೇಡ. ಮೊದಲ ಸೆಮಿಸ್ಟರ್‌ನ ವಿಷಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗೊತ್ತಿದೆ ಅನ್ನಿಸಿದರೆ ಆ ಕೋರ್ಸ್ ಬಿಟ್ಟುಬಿಡಿ. ಪಿಎಚ್‌ಡಿ ಕಡೆ ಮನಸ್ಸಿದ್ದರೆ ಸಂಶೋಧನಾ ಪ್ರಬಂಧ (ಥೀಸಿಸ್) ಬರೆಸುವ ಕೋರ್ಸ್ ಆರಿಸಿ.

ಅರ್ಜಿ ಹಾಕುವ ಮೊದಲು ಅದೇ ಮಟ್ಟದ ಒಂದು ವಿಷಯವನ್ನು, ಉದಾಹರಣೆಗೆ ಆಪರೇಟಿಂಗ್ ಸಿಸ್ಟಮ್ಸ್, ಪುಕ್ಕಟೆ ಸಿಗುವ ಪಾಠಗಳಲ್ಲಿ ಅಸೈನ್‌ಮೆಂಟ್ ಸಮೇತ ಮಾಡಿ ನೋಡಿ. 10 ವಾರ ಆದ ಮೇಲೂ ರಜೆಯ ದಿನ ನೋಟ್‌ಬುಕ್ ತೆರೆಯಲು ಮನಸ್ಸಾಗುತ್ತಿದ್ದರೆ ಅರ್ಜಿ ಹಾಕಿ.