ಓಟು ಒಡೆಯೋದು ಮೂರನೆಯವನಲ್ಲ, ಎಣಿಕೆ

2000ನೇ ಇಸವಿಯ ಅಮೆರಿಕ ಅಧ್ಯಕ್ಷೀಯ ಚುನಾವಣೆ ಕೊನೆಗೆ ಫ್ಲಾರಿಡಾ ರಾಜ್ಯವೊಂದರ ಮೇಲೆ ಬಂದು ನಿಂತಿತು. ಅಲ್ಲಿ ಜಾರ್ಜ್ ಬುಷ್ ಪಡೆದದ್ದು 29,12,790 ಓಟು, ಅಲ್ ಗೋರ್ 29,12,253. ಅಂತರ 537. ಗ್ರೀನ್ ಪಕ್ಷದಿಂದ ನಿಂತಿದ್ದ ರಾಲ್ಫ್ ನೇಡರ್‌ಗೆ ಅದೇ ರಾಜ್ಯದಲ್ಲಿ 97,488 ಓಟು ಬಿದ್ದಿದ್ದವು. ಮರು ಎಣಿಕೆಯ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಫ್ಲಾರಿಡಾದ ಎಲ್ಲ 25 ಎಲೆಕ್ಟೋರಲ್ ಓಟುಗಳೂ (ರಾಜ್ಯವಾರು ಹಂಚಿರುವ, ಅಧ್ಯಕ್ಷರು ಯಾರೆಂದು ತೀರ್ಮಾನಿಸುವ ಓಟುಗಳು) ಬುಷ್ ಪಾಲಾದವು. ಒಟ್ಟು ಲೆಕ್ಕ 271ಕ್ಕೆ 266. ಇಡೀ ದೇಶದಲ್ಲಿ ಗೋರ್‌ಗೆ ಐದು ಲಕ್ಷಕ್ಕಿಂತ ಜಾಸ್ತಿ ಓಟು ಹೆಚ್ಚಿಗೆ ಬಿದ್ದಿದ್ದರೂ ಪ್ರಯೋಜನವಾಗಲಿಲ್ಲ.

ಅಂದಿನಿಂದ ಗೋರ್ ಅವರ ಡೆಮಾಕ್ರಟಿಕ್ ಪಕ್ಷದವರ ಪಾಲಿಗೆ ನೇಡರ್ ಖಳನಾಯಕ. ಬಳಕೆದಾರರ ಹಕ್ಕು, ಪರಿಸರ ಅಂತ ಮಾತಾಡುತ್ತಿದ್ದವರು ಅವರು. ಅವರ ಬೆಂಬಲಿಗರು ಗೋರ್ ಕಡೆಯವರೇ ಅಲ್ವಾ ಅನ್ನೋದು ವಾದ. ಪೂರ್ತಿ ಹಾಗೇನಿಲ್ಲ. ಫ್ಲಾರಿಡಾದ ಮತಪತ್ರಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದ ಸಂಶೋಧಕರ ಅಂದಾಜಿನ ಪ್ರಕಾರ, ನೇಡರ್‌ಗೆ ಓಟು ಹಾಕಿದವರಲ್ಲಿ ಶೇ. 60ರಷ್ಟು ಮಂದಿ ಗೋರ್ ಕಡೆ ವಾಲುತ್ತಿದ್ದರು, ಶೇ. 40ರಷ್ಟು ಬುಷ್ ಕಡೆ. ಆದರೆ ಅಂತರ ಬರೀ 537 ಆಗಿದ್ದಾಗ ಇಷ್ಟು ವ್ಯತ್ಯಾಸ ಸಾಕೋ ಸಾಕು. ಇನ್ನೂ ತಮಾಷೆ ಏನೆಂದರೆ, ಸೋಷಲಿಸ್ಟ್ ವರ್ಕರ್ಸ್ ಪಕ್ಷದ ಜೇಮ್ಸ್ ಹ್ಯಾರಿಸ್ ಅನ್ನುವವರಿಗೂ ಅಲ್ಲಿ 562 ಓಟು ಸಿಕ್ಕಿದ್ದವು. ಅಂದರೆ ಅವರೂ ಸೋಲಿಸಿದವರೇ ಆಗಬೇಕಲ್ಲ! ಹ್ಯಾರಿಸ್‌ರನ್ನು ಯಾರೂ ಬೈಯಲಿಲ್ಲ.

ನೇಡರ್‌ರನ್ನು ಬೈದರೂ ಉಪಯೋಗವಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮತದಾರನಿಂದ ಒಂದೇ ಹೆಸರು ಕೇಳಿ, ಯಾರಿಗೆ ಜಾಸ್ತಿ ಬಿತ್ತೋ ಅವರೇ ಗೆದ್ದರು ಅನ್ನುವ ನಿಯಮ ಇರುವ ಕಡೆಯೆಲ್ಲ ಇದೇ ಕತೆ. ‘ನಿಮ್ಮವರು ಗೆಲ್ಲದಿದ್ದರೆ ಉಳಿದವರಲ್ಲಿ ಯಾರು ಪರವಾಗಿಲ್ಲ?’ ಎಂಬ ಪ್ರಶ್ನೆಯನ್ನು ಆ ಮತಪತ್ರ ಕೇಳುವುದೇ ಇಲ್ಲ. ಒಂದೇ ಬಗೆಯ ವಿಚಾರದವರು ಇಬ್ಬರು ನಿಂತರೆ ಅವರ ಬಲ ಎರಡು ರಾಶಿಯಾಗುತ್ತದೆ. ಎದುರಿನ ರಾಶಿ ಚಿಕ್ಕದಾಗಿದ್ದರೂ ಒಂದೇ ಆಗಿರುವುದರಿಂದ ಎತ್ತರ ಕಾಣುತ್ತದೆ.

ಇದರ ಪೂರ್ತಿ ರೂಪ ನೋಡಬೇಕೆಂದರೆ ಅಮೆರಿಕಕ್ಕಿಂತ ದಕ್ಷಿಣ ಕೊರಿಯಾ ಒಳ್ಳೆಯ ಉದಾಹರಣೆ. 1987ರ ಜೂನ್‌ನಲ್ಲಿ ಅಲ್ಲಿನ ಜನ ಬೀದಿಗಿಳಿದು, ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕನ್ನು ಸೈನಿಕ ಆಡಳಿತದಿಂದ ಕಿತ್ತುಕೊಂಡರು. ಡಿಸೆಂಬರ್‌ನಲ್ಲಿ ಚುನಾವಣೆ. ಆಳುವವರ ಕಡೆಯಿಂದ ನಿಂತವರು ಮಾಜಿ ಸೇನಾಧಿಕಾರಿ ರೋ ತೇ-ವೂ. ವಿರೋಧ ಪಕ್ಷದ ಇಬ್ಬರು ದೊಡ್ಡ ನಾಯಕರು, ಕಿಮ್ ಯಂಗ್-ಸಾಮ್ ಮತ್ತು ಕಿಮ್ ದೇ-ಜುಂಗ್, ನೀನು ಹಿಂದೆ ಸರಿ, ನೀನು ಸರಿ ಅಂತ ಹಟ ಹಿಡಿದು ಕೊನೆಗೆ ಇಬ್ಬರೂ ನಿಂತರು. ಫಲಿತಾಂಶ: ರೋಗೆ ಶೇ. 36.6, ಮೊದಲ ಕಿಮ್‌ಗೆ 28, ಎರಡನೆಯವರಿಗೆ 27. ಶೇ. 55ರಷ್ಟು ಜನ ಈ ಇಬ್ಬರಿಗೆ ಓಟು ಹಾಕಿದ್ದರೂ ಅಧ್ಯಕ್ಷರಾದದ್ದು ಹಳೆಯ ಆಡಳಿತದ ಜನರಲ್ಲೇ ಒಬ್ಬರು.

ಒಬ್ಬ ಕಿಮ್ ಸರಿದಿದ್ದರೆ ಅವರ ಓಟೆಲ್ಲ ಇನ್ನೊಬ್ಬ ಕಿಮ್‌ಗೇ ಬರುತ್ತಿತ್ತು ಅಂತ ಕಣ್ಣುಮುಚ್ಚಿ ಹೇಳುವಂತಿಲ್ಲ. ಅಲ್ಲಿ ಪ್ರಾಂತ್ಯಾಭಿಮಾನ ಬಹಳ ಗಟ್ಟಿ. ಆದರೂ ಕತೆ ಅಲ್ಲಿಗೇ ಮುಗಿಯಲಿಲ್ಲ. ಹತ್ತು ವರ್ಷದ ನಂತರ, 1997ರಲ್ಲಿ, ಆಳುವ ಪಕ್ಷದ ರೀ ಇನ್-ಜೆ ಪಕ್ಷದೊಳಗಿನ ಆಯ್ಕೆಯಲ್ಲಿ ಸೋತು, ಬಂಡಾಯ ಎದ್ದು, ತಾವೇ ನಿಂತರು. ಅವರು ತೆಗೆದುಕೊಂಡದ್ದು ಶೇ. 19.2. ಪಕ್ಷದ ಅಧಿಕೃತ ಅಭ್ಯರ್ಥಿ ಲೀ ಹೋಯ್-ಚಾಂಗ್‌ಗೆ 38.7. ಗೆದ್ದದ್ದು 40.3 ಪಡೆದ ಕಿಮ್ ದೇ-ಜುಂಗ್! ಹಿಂದೆ ಅವರನ್ನು ಸೋಲಿಸಿದ್ದ ನಿಯಮವೇ ಈ ಸಲ ಗೆಲ್ಲಿಸಿತು.

ಎರಡು ಸುತ್ತಿನ ಮತದಾನ ಇಟ್ಟರೆ ಸರಿಹೋಗುತ್ತದಾ? ಫ್ರಾನ್ಸಿನಲ್ಲಿ ಇರುವುದು ಅದೇ: ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬರದಿದ್ದರೆ ಮೇಲಿನ ಇಬ್ಬರ ನಡುವೆ ಮತ್ತೆ ಮತದಾನ. 2002ರಲ್ಲಿ ಅಲ್ಲಿ 16 ಮಂದಿ ನಿಂತರು. ಎಡಪಂಥದ ಓಟು ಚೂರುಚೂರಾಗಿ, ಪ್ರಧಾನಿಯಾಗಿದ್ದ ಲಿಯೊನೆಲ್ ಜೋಸ್ಪಾ ಶೇ. 16.18ಕ್ಕೆ ನಿಂತರು. 16.86 ಪಡೆದ ಕಟ್ಟಾ ಬಲಪಂಥದ ಲೆ ಪೆನ್ ಎರಡನೇ ಸುತ್ತಿಗೆ ಹೋದರು. ಅಲ್ಲಿ ಅಧ್ಯಕ್ಷರಾಗಿದ್ದ ಜಾಕ್ ಶಿರಾಕ್ ಶೇ. 82 ಓಟಿನಿಂದ ಗೆದ್ದರು ಅನ್ನೋದು ಬೇರೆ ಮಾತು.

ಮತಪತ್ರದಲ್ಲೇ ಎರಡನೇ ಆಯ್ಕೆಯನ್ನೂ ಕೇಳಿಬಿಡುವ ದಾರಿಯೊಂದಿದೆ. ನಮ್ಮ ರಾಷ್ಟ್ರಪತಿ ಚುನಾವಣೆ ನಡೆಯುವುದು ಹಾಗೆಯೇ. 1969ರಲ್ಲಿ ಅದರ ಅಸಲಿ ಪರೀಕ್ಷೆಯಾಯಿತು. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಎಐಸಿಸಿ ಅಧಿವೇಶನ ಸೇರಿದ್ದಾಗ, ಇಂದಿರಾ ಗಾಂಧಿಯವರಿಗೆ ಇಷ್ಟವಿಲ್ಲದಿದ್ದರೂ, ನೀಲಂ ಸಂಜೀವ ರೆಡ್ಡಿ ಕಾಂಗ್ರೆಸ್ ಅಭ್ಯರ್ಥಿಯಾದರು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು, ಇಂದಿರಾ ‘ಆತ್ಮಸಾಕ್ಷಿಯ ಓಟು ಹಾಕಿ’ ಅಂದರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲದಿಂದ ಸಿ.ಡಿ. ದೇಶಮುಖ್ ಕಣದಲ್ಲಿದ್ದರು. ಅವರ ಮತದಾರರ ಎರಡನೇ ಪ್ರಾಶಸ್ತ್ಯ ರೆಡ್ಡಿಗೆ ಬರಲಿ ಅಂತ ನಿಜಲಿಂಗಪ್ಪ ಆ ಪಕ್ಷಗಳ ಜೊತೆ ಮಾತಾಡಿದರು. ಇಂದಿರಾ ಬಣಕ್ಕೆ ಅದೇ ದೊಡ್ಡ ಆಪಾದನೆಯ ಸರಕಾಯಿತು.

ಮೊದಲ ಎಣಿಕೆಯಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. (ಇದು ತಲೆ ಲೆಕ್ಕವಲ್ಲ, ಶಾಸಕರು ಮತ್ತು ಸಂಸದರ ಮತಗಳ ಮೌಲ್ಯ.) ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಅಷ್ಟು ಇರಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು ಅವರ ಮತಗಳನ್ನು ಮುಂದಿನ ಆಯ್ಕೆಗೆ ಹಂಚಿದಾಗ ರೆಡ್ಡಿ ಸುಮಾರು 92 ಸಾವಿರ ಗಳಿಸಿ 4,05,427ಕ್ಕೆ ಏರಿದರು. ಗಿರಿಗೆ ಸೇರಿದ್ದು 18 ಸಾವಿರ ಚಿಲ್ಲರೆ ಅಷ್ಟೇ. ಆದರೂ 4,20,077 ಆಗಿ ಗೆದ್ದರು. ರೆಡ್ಡಿ ಸೋತರು ನಿಜ. ಆದರೆ ‘ದೇಶಮುಖ್ ನಿಂತಿದ್ದರಿಂದ ಸೋತೆ’ ಅನ್ನಲು ಅವರಿಗೆ ದಾರಿಯೇ ಇರಲಿಲ್ಲ. ಆ ಮತಗಳು ಹೆಚ್ಚಾಗಿ ಅವರ ಕಡೆಗೇ ಬಂದು ಸೇರಿದ್ದವು.

ನಮ್ಮಲ್ಲಿ ಪದವೀಧರ ಕ್ಷೇತ್ರದಲ್ಲಿ ಓಟು ಹಾಕಿದವರಿಗೆ ಈ 1, 2, 3 ಬರೆಯುವುದು ಗೊತ್ತಿರುತ್ತದೆ. ರಾಷ್ಟ್ರಪತಿಯನ್ನು ಆರಿಸುವಾಗ ಶಾಸಕರೂ ಬರೆಯುತ್ತಾರೆ. ಅದೇ ಶಾಸಕರನ್ನು ಆರಿಸುವಾಗ ಮಾತ್ರ ನಮಗೆ ಸಿಗುವುದು ಒಂದೇ ಬಟನ್.

ಈ ವಿಧಾನವೂ ಮದ್ದಲ್ಲ. ಅಮೆರಿಕದ ಸಂಸತ್ತಿನ ಒಂದು ಸ್ಥಾನಕ್ಕೆ ಅಲಾಸ್ಕಾ ರಾಜ್ಯದಲ್ಲಿ ಇದೇ ವಿಧಾನದಿಂದ 2022ರಲ್ಲಿ ನಡೆದ ವಿಶೇಷ ಚುನಾವಣೆಯಲ್ಲಿ ನಿಕ್ ಬೆಗಿಚ್ ಮೂರನೆಯವರಾಗಿ ಮೊದಲೇ ಹೊರಬಿದ್ದರು. ಮತಪತ್ರಗಳನ್ನು ಆಮೇಲೆ ನೋಡಿದರೆ, ಒಬ್ಬರಿಗೊಬ್ಬರು ಎದುರಾಗಿದ್ದರೆ ಅವರು ಗೆದ್ದ ಮೇರಿ ಪೆಲ್ಟೋಲಾರನ್ನೂ, ಎರಡನೇ ಸ್ಥಾನದ ಸಾರಾ ಪೇಲಿನ್‌ರನ್ನೂ ಸೋಲಿಸುತ್ತಿದ್ದರು. ಎಲ್ಲರಿಗೂ ಎರಡನೇ ಇಷ್ಟವಾದವನು ಮೊದಲ ಸುತ್ತಲ್ಲೇ ಹೋಗಿಬಿಡಬಹುದು. ಮೂರು ಅಥವಾ ಹೆಚ್ಚು ಮಂದಿ ಕಣದಲ್ಲಿದ್ದಾಗ, 1, 2, 3 ಎಂದು ಬರೆದ ಆಯ್ಕೆಗಳನ್ನು ಇಂಥ ತೊಡಕು ಒಂದೂ ಇಲ್ಲದೆ ಎಣಿಸುವುದು ಸಾಧ್ಯವಿಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲೇ ಗಣಿತದಿಂದ ತೋರಿಸಿದ್ದರು. ಈ ಪದ್ಧತಿಯನ್ನೇ ಕಿತ್ತುಹಾಕಬೇಕಾ ಅಂತ 2024ರಲ್ಲಿ ಅಲಾಸ್ಕಾದವರು ಜನಮತಗಣನೆ ನಡೆಸಿದರು. ಅಲ್ಲಿ ಆಯ್ಕೆ ಎರಡೇ, ಹೌದು ಅಥವಾ ಬೇಡ. ಸಾವಿರಕ್ಕೂ ಕಡಿಮೆ ಓಟಿನ ಅಂತರದಲ್ಲಿ ಪದ್ಧತಿ ಉಳಿದುಕೊಂಡಿತು.